ಮರ್ಕ್ಯುಶಿಯೋನನ್ನು ಎಷ್ಟು ಕತ್ತರಿಸಬಹುದು?

ಕಡಲತಡಿ

ನಮ್ಮ ತಂಡ ಮಂಗಳೂರಿನಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ಕನ್ನಡದಲ್ಲಿ ಆಡ್ಲಿಕ್ಕೆ ಹೊರಟಿದೆ. ನಟರು 11 ಮಂದಿ, ಸಿಕ್ಕಿದ ಸಮಯ 100 ನಿಮಿಷ. ಸ್ಕ್ರಿಪ್ಟು ಸದ್ಯಕ್ಕೆ 140ಕ್ಕೆ ಹೋಗ್ತಾ ಉಂಟು. ನಿರ್ದೇಶಕರ ಲೆಕ್ಕ ಹೀಗೆ: ಮರ್ಕ್ಯುಶಿಯೋ ಕಥೆಗೆ ಸಂಬಂಧ ಇಲ್ಲದ್ದನ್ನೇ ಹೆಚ್ಚು ಮಾತಾಡುವವ. ಮೊದಲನೇ ಅಂಕದ ಕನಸಿನ ರಾಣಿಯ ಭಾಷಣ ಬೇಡ, ಎರಡನೆಯ ಅಂಕದ ಪೋಲಿ ತಮಾಷೆ ಬೇಡ. ‘ರೋಮಿಯೋನ ಸಿಟ್ಟಿನ ಗೆಳೆಯ’ ಅಂತ ಎರಡು ಮಾತಲ್ಲಿ ಪರಿಚಯ ಮಾಡಿಸಿ, ಸೀದಾ ಮೂರನೆಯ ಅಂಕದ ಜಗಳಕ್ಕೆ ತಂದು ಸಾಯಿಸಿದರೆ 20 ನಿಮಿಷ ಉಳೀತದೆ. ಇದರಲ್ಲಿ ತಪ್ಪೆಂತ? ಗೊತ್ತಿದ್ದವರು ಬಿಡಿಸಿ ಹೇಳಿ.

ಹಂಪನಕಟ್ಟೆ ಬಸ್ಸು

20 ನಿಮಿಷ ಉಳೀತದೆ ಸರಿ. ಆಮೇಲೆ ಉಳಿದ ನಾಟಕಕ್ಕೆ ಜನ ಯಾಕೆ ಕೂತುಕೊಳ್ಳಬೇಕು ಮಾರಾಯ್ರೆ?

ಮೂಲಪಾಠ

ಮೊದಲು ಲೆಕ್ಕವನ್ನೇ ನೋಡುವ. ನಾಟಕದಲ್ಲಿ ಒಟ್ಟು 24 ದೃಶ್ಯ. ಮೊದಲನೇ ಅಂಕದಲ್ಲಿ 5, ಎರಡರಲ್ಲಿ 6, ಮೂರು ಮತ್ತು ನಾಲ್ಕರಲ್ಲಿ ಐದೈದು, ಕೊನೆಯದರಲ್ಲಿ 3. ಮರ್ಕ್ಯುಶಿಯೋ ಸಾಯುವುದು ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ, ಅಂದರೆ ಹನ್ನೆರಡನೆಯದರಲ್ಲಿ. ಸರೀ ನಡುಮಧ್ಯ. ಅಲ್ಲಿವರೆಗೆ ರಂಗದ ಮೇಲಿರುವುದು ಹೆಚ್ಚಿನಂಶ ಪ್ರಹಸನದ ಸಾಮಾನು: ಮುಖವಾಡದ ಕುಣಿತ, ರಾತ್ರಿ ಗೋಡೆ ಹಾರುವ ಹುಡುಗ, ಬಾಯಿ ನಿಲ್ಲದ ದಾದಿ, ಗುಟ್ಟಿನ ಮದುವೆ. ಅವನು ಹೋದ ಮೇಲೆ ಮನಸಾರೆ ನಗುವ ಜಾಗ ನಾಟಕದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾಲ್ಕನೆಯ ಅಂಕದಲ್ಲಿ ಸಂಗೀತಗಾರರ ಒಂದು ತುಂಡು ಬರುತ್ತದೆ, ಅದನ್ನೂ ಎಲ್ಲರೂ ಕತ್ತರಿಸುತ್ತಾರೆ.

ಇದು ಷೇಕ್ಸ್‌ಪಿಯರ್ ಬೇಕೆಂದೇ ಮಾಡಿದ್ದು. ಅವನ ಮುಂದೆ ಇದ್ದದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಇಂಗ್ಲಿಷ್ ಕಾವ್ಯ. ಅದರಲ್ಲಿ ಮರ್ಕ್ಯುಶಿಯೋ ಅನ್ನುವವನು ಔತಣದಲ್ಲಿ ಮಾತ್ರ ಕಾಣಿಸುತ್ತಾನೆ. ಜೂಲಿಯೆಟ್‌ಳ ಒಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿಯುತ್ತಾನೆ; ಅವನ ಕೈ ಮಂಜಿನಂತೆ ತಣ್ಣಗೆ. ಅಷ್ಟೇ, ಮಾಯ. ಸಾಯುವುದೂ ಇಲ್ಲ, ಸೇಡೂ ಇಲ್ಲ. ಅಲ್ಲಿ ಮದುವೆಯಾಗಿ ಒಂದೆರಡು ತಿಂಗಳು ಸುಖವಾಗಿ ಕಳೆದ ಮೇಲೆ ಬೀದಿಯಲ್ಲಿ ದೊಂಬಿಯಾಗಿ ಜೂಲಿಯೆಟ್‌ಳ ನೆಂಟ ಟಿಬಾಲ್ಟ್ ಸಾಯುತ್ತಾನೆ. ಷೇಕ್ಸ್‌ಪಿಯರ್ ತಿಂಗಳುಗಳನ್ನು ಭಾನುವಾರದಿಂದ ಗುರುವಾರದವರೆಗಿನ ಐದು ದಿನಕ್ಕೆ ಇಳಿಸಿದ. ಮದುವೆಗೂ ಕೊಲೆಗೂ ನಡುವೆ ಇಟ್ಟದ್ದು ಒಂದೇ ಗಂಟೆ. ‘ಒಂದು ಗಂಟೆಯಿಂದ ನನ್ನ ನೆಂಟನಾದ ಟಿಬಾಲ್ಟ್’ ಅಂತ ರೋಮಿಯೋನೇ ಹೇಳುತ್ತಾನೆ. ಆ ಒಂದು ಗಂಟೆಯನ್ನು ಸ್ಫೋಟಿಸುವ ಕೆಲಸಕ್ಕೆ, ಬ್ರೂಕ್‌ನ ಆ ತಣ್ಣನೆ ಕೈಯವನನ್ನು ಹಿಡಿದು ಬಿಸಿ ತಲೆಯವನನ್ನಾಗಿ ಮಾಡಿದ. ಹೆಸರೇ ಬುಧ ಗ್ರಹದ್ದು, ಪಾದರಸದ್ದು. ನಮ್ಮಲ್ಲೂ ಒಂದು ಕಡೆ ನಿಲ್ಲದವನನ್ನು ಪಾದರಸ ಅಂತಲೇ ಹೇಳುವುದಲ್ವಾ.

ಹಂಪನಕಟ್ಟೆ ಬಸ್ಸು

‘ಮೂರನೆಯ ಅಂಕದಲ್ಲಿ ಅವನನ್ನು ಕೊಲ್ಲದಿದ್ದರೆ ಅವನೇ ನನ್ನನ್ನು ಕೊಲ್ಲುತ್ತಿದ್ದ’ ಅಂತ ಷೇಕ್ಸ್‌ಪಿಯರ್ ಹೇಳಿದ್ದನಂತಲ್ಲ?

ಮೂಲಪಾಠ

ಅದನ್ನು ಬರೆದಿಟ್ಟದ್ದು ಇಂಗ್ಲಿಷ್ ಕವಿ ಡ್ರೈಡನ್, 1672ರಲ್ಲಿ. ಷೇಕ್ಸ್‌ಪಿಯರ್ ಸತ್ತದ್ದು 1616ರಲ್ಲಿ. ಕೇಳಿದ ಮಾತು ಅಷ್ಟೇ. ಆದರೆ ನಟನಿಗೆ ಎಚ್ಚರಿಕೆಯಾಗಿ ಒಳ್ಳೆಯದು: ಈ ಪಾತ್ರಕ್ಕೆ ಲಗಾಮು ಇಲ್ಲದಿದ್ದರೆ ರೋಮಿಯೋ ಮಂಕಾಗುತ್ತಾನೆ.

ಈಗ ಕಡಲತಡಿಯವರ ಪ್ರಶ್ನೆಗೆ. ‘ಸಿಟ್ಟಿನ ಗೆಳೆಯ’ ಅಂತ ಪರಿಚಯಿಸಿದರೆ ಎಲ್ಲಿ ಮುರಿಯುತ್ತದೆ ಅಂದರೆ, ಅವನು ಕತ್ತಿ ಎಳೆಯಲು ಸಿಟ್ಟೊಂದೇ ಕಾರಣ ಆಗುವುದಿಲ್ಲ. ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಉಂಟು. ಮದುವೆಯ ಗುಟ್ಟು ಗೊತ್ತಿರುವುದು ರೋಮಿಯೋ, ಜೂಲಿಯೆಟ್, ಪಾದ್ರಿ ಲಾರೆನ್ಸ್, ದಾದಿ, ಈ ನಾಲ್ವರಿಗೆ. ನೂಲೇಣಿ ಹೊರುವ ಆಳನ್ನು ಸೇರಿಸಿದರೆ ಐವರಿಗೆ. ಮರ್ಕ್ಯುಶಿಯೋಗೆ ಮದುವೆ ಬಿಡಿ, ಜೂಲಿಯೆಟ್ ಅನ್ನುವ ಹೆಸರೂ ಗೊತ್ತಿಲ್ಲ. ಎರಡನೆಯ ಅಂಕದ ಮೊದಲ ದೃಶ್ಯದಲ್ಲಿ ತೋಟದ ಗೋಡೆಯ ಹೊರಗೆ ನಿಂತು ಅವನು ಮಂತ್ರವಾದಿಯ ಹಾಗೆ ರೋಮಿಯೋನನ್ನು ಕರೆಯುವುದು ರೋಸಲಿನ್‌ಳ ಕಣ್ಣು, ಹಣೆ, ತುಟಿಯ ಮೇಲೆ ಆಣೆಯಿಟ್ಟು. ಹಳೇ ಹುಡುಗಿ! ಪ್ರೇಕ್ಷಕರು ಅಲ್ಲಿ ನಗುತ್ತಾರೆ, ಯಾಕಂದರೆ ಅವರಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಅದೇ ಗೊತ್ತಿಲ್ಲದಿರುವಿಕೆ ಮರುದಿನ ಮಧ್ಯಾಹ್ನ ಅವನನ್ನು ಕೊಲ್ಲುತ್ತದೆ: ಟಿಬಾಲ್ಟ್ ಈಗ ನೆಂಟನೆಂದು ರೋಮಿಯೋ ಜಗಳಕ್ಕೆ ನಿಲ್ಲದಾಗ ಇವನಿಗೆ ಅದು ಹೇಡಿತನವಾಗಿ ಕಾಣುತ್ತದೆ, ತಾನೇ ಕತ್ತಿ ಎಳೆಯುತ್ತಾನೆ. ‘ಪೋಲಿ ತಮಾಷೆ’ ಪೂರ್ತಿ ತೆಗೆದರೆ ಈ ಎಳೆ ಹೋಯಿತು.

ಇನ್ನೊಂದು ಎಳೆ, ಕಾಗದ. ಟಿಬಾಲ್ಟ್ ರೋಮಿಯೋನ ಮನೆಗೆ ದ್ವಂದ್ವಕ್ಕೆ ಕರೆದು ಪತ್ರ ಕಳಿಸಿದ್ದಾನೆ. ರೋಮಿಯೋ ಆ ರಾತ್ರಿ ಮನೆಗೇ ಹೋಗಿಲ್ಲ. ಪತ್ರದ ವಿಷಯ ಇನ್ನೊಬ್ಬ ಗೆಳೆಯ ಬೆನ್ವೋಲಿಯೋ ಹೇಳಿದಾಗ ಮರ್ಕ್ಯುಶಿಯೋ ಅನ್ನುವುದು: ರೋಮಿಯೋ ಆಗಲೇ ಸತ್ತಿದ್ದಾನೆ, ಒಬ್ಬಳ ಕಪ್ಪು ಕಣ್ಣು ಚುಚ್ಚಿ, ಇಂಥವನು ಟಿಬಾಲ್ಟ್‌ಗೆ ಎದುರು ನಿಂತಾನಾ? ಅಂದರೆ ಗೆಳೆಯನಿಗೆ ಬಂದ ಕರೆ, ಗೆಳೆಯನಿಗೆ ತಾಕತ್ತಿಲ್ಲ, ಹಾಗಾಗಿ ನಾನು. ನಿಷ್ಠೆ ಇರುವುದು ಇಲ್ಲಿ. ಈ ನಾಲ್ಕು ಸಾಲು ಬಿಟ್ಟರೆ ಮೂರನೆಯ ಅಂಕದಲ್ಲಿ ಅವನು ಬರೀ ಬೀದಿಜಗಳದವ ಆಗಿ ಕಾಣುತ್ತಾನೆ.

ಚೌಕಿಮನೆ

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಕರ್ಣನನ್ನು ತಂದರೆ ಸುಲಭ. ನಿಷ್ಠೆ ಉಂಟು, ಮೂಗಿನ ತುದಿಯಲ್ಲಿ ಸಿಟ್ಟೂ ಉಂಟು. ಭೀಷ್ಮ ‘ಅರ್ಧರಥ’ ಅಂದದ್ದಕ್ಕೆ, ಈ ಮುದುಕ ಬೀಳುವವರೆಗೆ ಆಯುಧ ಹಿಡಿಯುವುದಿಲ್ಲ ಅಂತ ಕೂತ. 18 ದಿನದ ಯುದ್ಧದಲ್ಲಿ 10 ದಿನ ಭೀಷ್ಮನ ಸೇನಾಪತ್ಯ. ಅಷ್ಟೂ ದಿನ ಕೌರವನಿಗೆ ಕರ್ಣ ಇಲ್ಲ. ಯಾರ ಮೇಲಿನ ಸಿಟ್ಟಿಗೆ ಯಾರಿಗೆ ನಷ್ಟ ನೋಡಿ! ಗೆಳೆಯನಿಗಾಗಿ ಪ್ರಾಣ ಕೊಡುವವನೇ ಗೆಳೆಯನ ಕೈ ಕಟ್ಟಿಹಾಕಿದ.

ಮೂಲಪಾಠ

ಹೋಲಿಕೆ ಅರ್ಧ ದಾರಿಗೆ ಬರುತ್ತದೆ ಚೌಕಿಯವರೆ, ಮುಂದೆ ತಿರುಗಿ ಬೀಳುತ್ತದೆ. ಕರ್ಣನಿಗೆ ಕೃಷ್ಣ ಹೇಳಿದ್ದಾನೆ, ಕುಂತಿ ಹೇಳಿದ್ದಾಳೆ. ತಾನು ಯಾರ ಅಣ್ಣ ಅಂತ ಗೊತ್ತಿದ್ದೂ ಕೌರವನ ಪಕ್ಷದಲ್ಲೇ ನಿಂತ, ಅದು ಅವನ ದೊಡ್ಡಸ್ತಿಕೆ. ಮರ್ಕ್ಯುಶಿಯೋಗೆ ಆ ಅವಕಾಶವನ್ನು ಯಾರೂ ಕೊಡಲಿಲ್ಲ. ಹೇಳಬೇಕಾದವ ರೋಮಿಯೋ, ಅವನು ಹೇಳಲಿಲ್ಲ.

ಚೌಕಿಮನೆ

ಒಪ್ಪಿದೆ. ಆದರೆ ಅದಕ್ಕೇ ಈ ಹೋಲಿಕೆ ರಿಹರ್ಸಲಿಗೆ ಒಳ್ಳೆಯದು. ನಟನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಒಬ್ಬ ಎಲ್ಲ ತಿಳಿದು ಸಾಯುವವ, ಇನ್ನೊಬ್ಬ ಏನೂ ತಿಳಿಯದೆ. ಕರ್ಣನ ಸಾವಿನ ಗಾಂಭೀರ್ಯವನ್ನು ಇವನಿಗೆ ತಂದು ಹಚ್ಚಬಾರದು. ಇವನಿಗೆ ಕೊನೆಗೂ ಇರುವುದು ಗೊಂದಲ: ‘ನಮ್ಮ ನಡುವೆ ನೀನು ಯಾಕೆ ಬಂದೆ ಮಾರಾಯ?’

ಯಕ್ಷಗಾನದ ವೇಷದ ಭಾಷೆಯಲ್ಲಿ ಹೇಳುವುದಾದರೆ ಇದು ಅರ್ಧ ಹಾಸ್ಯ, ಅರ್ಧ ಪುಂಡುವೇಷ, ಅಂದರೆ ಎಳೆಯ ವೀರನ ವೇಷ. ಬಾಯಿ ಹಾಸ್ಯಗಾರನದ್ದು, ಕಾಲು ಅಭಿಮನ್ಯುವಿನದ್ದು. ಒಂದನ್ನು ಬಿಟ್ಟು ಇನ್ನೊಂದು ಹಿಡಿದರೆ ಕೆಟ್ಟಿತು. ಮತ್ತೊಂದು ಕ್ರಮ ಸೂಚಿಸ್ತೇನೆ. ಮೂರನೆಯ ಅಂಕದ ಆ ದೃಶ್ಯವನ್ನು ಎದ್ದು ನಿಲ್ಲುವ ಮೊದಲು ವೇಷ, ಕುಣಿತ ಇಲ್ಲದ ತಾಳಮದ್ದಳೆಯ ಹಾಗೆ ಕೂತು ಎರಡು ಮೂರು ಸಂಜೆ ಅರ್ಥ ಹೇಳಿಸಿ. ಪ್ರತಿಯೊಬ್ಬರೂ ತಮ್ಮ ಪಾತ್ರದ ಪಕ್ಷವನ್ನು ಸಮರ್ಥಿಸಬೇಕು. ಟಿಬಾಲ್ಟ್‌ಗೂ ನ್ಯಾಯ ಉಂಟು: ಕರೆಯದೆ ನಮ್ಮ ಮನೆಯ ಔತಣಕ್ಕೆ ಮುಖವಾಡ ಹಾಕಿಕೊಂಡು ಬಂದ. ನಾಲ್ವರ ವಾದವೂ ಸರಿ ಅನ್ನಿಸಿದ ಮೇಲೆ ಕತ್ತಿ ಕೊಡಿ.

ಅನುವಾದದ ಅಂಗಡಿ

ಭಾಷೆಯ ಕಡೆಯಿಂದ ನಾನು ಸ್ವಲ್ಪ ಸೇರಿಸ್ತೇನೆ, ಯಾಕಂದರೆ ಈ ಪಾತ್ರ ಕನ್ನಡದಲ್ಲಿ ಸೋಲುವುದು ಸಾಮಾನ್ಯವಾಗಿ ಶ್ಲೇಷೆಯಲ್ಲಿ. ಶಬ್ದಕ್ಕೆ ಶಬ್ದ ಇಟ್ಟರೆ ಯಾರೂ ನಗುವುದಿಲ್ಲ. ನಗದಿದ್ದರೆ ಸತ್ತಾಗ ಅಳುವುದೂ ಇಲ್ಲ.

ಜಗಳ ಹತ್ತುವ ಜಾಗವನ್ನೇ ತೆಗೆದುಕೊಳ್ಳಿ. ಟಿಬಾಲ್ಟ್ ಹೇಳುವ ಇಂಗ್ಲಿಷ್ ಶಬ್ದಕ್ಕೆ ‘ಜೊತೆಗೂಡು’ ಅಂತಲೂ ‘ವಾದ್ಯಗಾರರ ತಂಡ’ ಅಂತಲೂ ಅರ್ಥ. ಮರ್ಕ್ಯುಶಿಯೋ ಎರಡನೆಯದನ್ನು ಹಿಡಿದು, ನಮ್ಮನ್ನು ಪಿಟೀಲಿನವರು ಮಾಡಿದೆಯಾ ಅಂತ ಕತ್ತಿಯನ್ನು ಪಿಟೀಲಿನ ಕಮಾನು ಅಂತ ತೋರಿಸುತ್ತಾನೆ. ಕರಾವಳಿಯಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ:

‘ರೋಮಿಯೋನ ಜತೆ ನಿನ್ನದು ಮೇಳವಂತೆ?’
‘ಮೇಳವಾ! ನಾವೇನು ಚೆಂಡೆಯವರಾ? ಹಾಗಾದ್ರೆ ಇಗೋ, ನನ್ನ ಚೆಂಡೆಕೋಲು. ಇದು ನಿನ್ನನ್ನು ಕುಣಿಸ್ತದೆ ನೋಡು.’

ಎರಡನೆಯದು ಬೆಕ್ಕು. ಟಿಬಾಲ್ಟ್ ಅನ್ನುವುದು ಅಲ್ಲಿನ ಹಳೇ ನರಿ-ಕಥೆಗಳಲ್ಲಿ ಬೆಕ್ಕಿನ ಹೆಸರು. ಹಾಗಾಗಿ ಎರಡನೆಯ ಅಂಕದಲ್ಲೇ ಮರ್ಕ್ಯುಶಿಯೋ ಅವನನ್ನು ಬೆಕ್ಕುಗಳ ರಾಜಕುಮಾರ ಅನ್ನುತ್ತಾನೆ. ಮೂರನೆಯ ಅಂಕದಲ್ಲಿ ‘ಇಲಿ ಹಿಡಿಯುವವನೇ, ಬಾ’ ಅಂತ ಕರೆಯುತ್ತಾನೆ. ಇರಿತ ಬಿದ್ದ ಮೇಲೆ ‘ಪರಚಿದ ಗಾಯ, ಬರೀ ಪರಚಿದ್ದು’ ಅನ್ನುತ್ತಾನೆ. ಮೊದಲಿನ ಬೆಕ್ಕನ್ನು ಕತ್ತರಿಸಿದರೆ ಕೊನೆಯ ‘ಪರಚಿದ್ದು’ ಒಣ ಮಾತಾಯಿತು. ಒಂಬತ್ತು ಜೀವದ ಲೆಕ್ಕ ಮಾತ್ರ ಬಿಡಿ. ನಮ್ಮ ಬೆಕ್ಕಿಗೆ ಅಷ್ಟು ಜೀವ ಇಲ್ಲ.

ಆಮೇಲೆ ಆ ಪ್ರಸಿದ್ಧ ಮಾತು, ‘ನಾಳೆ ಕೇಳಿದರೆ ಗಂಭೀರ ಮನುಷ್ಯನಾಗಿ ಸಿಗುತ್ತೇನೆ’ ಅನ್ನುವುದು. ಇಂಗ್ಲಿಷಿನಲ್ಲಿ ಗಂಭೀರ, ಗೋರಿ ಎರಡಕ್ಕೂ ಒಂದೇ ಶಬ್ದ. ಕನ್ನಡದಲ್ಲಿ ಗೋರಿಯನ್ನು ಬಿಟ್ಟುಬಿಡಿ. ಅವನು ಬಿಸಿ ತಲೆಯವ ಅಲ್ವಾ: ‘ನಾಳೆ ಬಂದು ನೋಡಿ, ನನ್ನಷ್ಟು ತಣ್ಣಗಿನ ಮನುಷ್ಯ ಇಡೀ ಊರಲ್ಲಿ ಸಿಗ್ಲಿಕ್ಕಿಲ್ಲ.’ ಇದನ್ನು ನಗುತ್ತಲೇ ಹೇಳಬೇಕು. ಅರ್ಥ ಒಂದು ಕ್ಷಣ ತಡವಾಗಿ ತಗಲುತ್ತದೆ.

ಕಡಲತಡಿ

ಮೇಳ, ಚೆಂಡೆಕೋಲು ಇವತ್ತೇ ಬರೆದುಕೊಂಡೆ. ಸಾಯುವಾಗ ಅವನು ಎರಡು ಹಗೆ ಮನೆತನಗಳಿಗೆ ಹಾಕುವ ಆ ಶಾಪಕ್ಕೆ ಎಂತ ಹಾಕುವುದು? ನಮ್ಮ ಸ್ಕ್ರಿಪ್ಟಿನಲ್ಲಿ ‘ನಿಮ್ಮ ಎರಡೂ ಮನೆ ಹಾಳಾಗಲಿ’ ಅಂತ ಉಂಟು.

ಅನುವಾದದ ಅಂಗಡಿ

‘ಹಾಳಾಗಲಿ’ ಬೇಡ. ಮೂಲದಲ್ಲಿರುವುದು ಸಾಂಕ್ರಾಮಿಕ ರೋಗ, ಪ್ಲೇಗು. ಅವನು ಅದನ್ನು ಪೂರ್ತಿಯಾಗಿ ಮೂರು ಸಲ ಹೇಳಿ, ನಾಲ್ಕನೆಯ ಸಲ ‘ನಿಮ್ಮ ಮನೆಗಳು...’ ಅನ್ನುವಷ್ಟಕ್ಕೆ ಉಸಿರು ಸಾಲದೆ ಒಳಗೆ ಹೋಗುತ್ತಾನೆ. ಐದನೆಯ ಅಂಕದ ಎರಡನೆಯ ದೃಶ್ಯದಲ್ಲಿ ಆ ಶಾಪ ನಿಜವಾಗಿಯೇ ಫಲಿಸುತ್ತದೆ. ಲಾರೆನ್ಸನ ಪತ್ರವನ್ನು, ಗಡೀಪಾರಾದ ರೋಮಿಯೋ ಇರುವ ಮ್ಯಾಂಟುವಾಕ್ಕೆ ಒಯ್ಯಬೇಕಿದ್ದ ಪಾದ್ರಿ ಜಾನ್ ಇದ್ದ ಮನೆಯಲ್ಲಿ ಪ್ಲೇಗು ಇರಬಹುದೆಂದು ಊರಿನ ತಪಾಸಣೆಯವರು ಬಾಗಿಲಿಗೆ ಮೊಹರು ಹಾಕುತ್ತಾರೆ. ಪತ್ರ ತಲುಪುವುದಿಲ್ಲ, ರೋಮಿಯೋಗೆ ಜೂಲಿಯೆಟ್ ಸತ್ತಳೆಂಬ ಸುದ್ದಿ ಮಾತ್ರ ತಲುಪುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಶಬ್ದ ಇರಲೇಬೇಕು. ನನ್ನ ಮತ: ‘ನಿಮ್ಮ ಎರಡೂ ಮನೆಗೆ ಮಾರಿ ಬಡಿಯಲಿ’, ಅಲ್ಲಿ ‘ಆ ಮನೆಗೆ ಮಾರಿ ಬಡಿದಿದೆ ಅಂತ ಬಾಗಿಲು ಮುಚ್ಚಿದರು’.

ಚೌಕಿಮನೆ

ಕಾಪುವಿನಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ ನಡೆಯುವ ಸೀಮೆ ಇದು. ಮಾರಿ ಅಂದರೆ ನಂಬುವ ದೇವಿ. ಶಾಪವಾಗಿ ರಂಗದ ಮೇಲೆ ಮೂರು ಸಲ ಕೂಗಿಸುವಾಗ ಯೋಚನೆ ಮಾಡಿ.

ಅನುವಾದದ ಅಂಗಡಿ

ಯೋಚಿಸಿಯೇ ಹೇಳಿದ್ದು. ‘ಮಾರಿ ಬಡಿಯಲಿ’ ಅಜ್ಜಿಯರ ಬಾಯಲ್ಲಿ ಇವತ್ತಿಗೂ ಇರುವ ಬೈಗುಳ. ಆದರೂ ಅಳುಕಿದ್ದರೆ ‘ಮಾರಿಬೇನೆ’ ಅನ್ನಿ, ರೋಗದ ಅರ್ಥ ಗಟ್ಟಿಯಾಗಿ ನಿಲ್ಲುತ್ತದೆ. ‘ಹಾಳಾಗಲಿ’ ಮಾತ್ರ ಬೇಡ.

ಕತ್ತಿವರಸೆ

ಮಾತಿನವರು ಮುಗಿಸಿದರೆ ನಾನು ಇರಿತಕ್ಕೆ ಬರ್ತೇನೆ. ಹೆಚ್ಚಿನ ತಂಡಗಳು ಇಲ್ಲೇ ಎಡವುವುದು. ಪ್ರೇಕ್ಷಕರಿಗೆ ಯಾರು ಯಾರನ್ನು ಚುಚ್ಚಿದರು, ರೋಮಿಯೋನ ತಪ್ಪೇನು ಅಂತಲೇ ಗೊತ್ತಾಗುವುದಿಲ್ಲ. 1597ರ ಮೊದಲ ಮುದ್ರಣದಲ್ಲಿ ರಂಗಸೂಚನೆ ಸ್ಪಷ್ಟ ಉಂಟು: ಟಿಬಾಲ್ಟ್ ರೋಮಿಯೋನ ತೋಳಿನ ಅಡಿಯಿಂದ ಮರ್ಕ್ಯುಶಿಯೋನನ್ನು ಇರಿದು ಓಡುತ್ತಾನೆ. ಆ ತೋಳು ಕಾಣಬೇಕು. ಕತ್ತಿಯ ಮೊನೆ ಕಾಣಬಾರದು.

ಒಂದೇ ಕಡೆ ಪ್ರೇಕ್ಷಕರಿರುವ ರಂಗಕ್ಕೆ ಹೀಗೆ ಮಾಡಿ. ಪ್ರೇಕ್ಷಕರ ಎಡಗಡೆ ಮರ್ಕ್ಯುಶಿಯೋ, ಬಲಗಡೆ ಟಿಬಾಲ್ಟ್. ರೋಮಿಯೋ ಹಿಂದಿನ ಪರದೆಯ ಕಡೆಯಿಂದ ನಡುವೆ ನುಗ್ಗಿ ಮರ್ಕ್ಯುಶಿಯೋಗೆ ಮುಖ ಮಾಡಿ ನಿಲ್ಲಬೇಕು, ಟಿಬಾಲ್ಟ್‌ಗೆ ಬೆನ್ನು. ಆಗ ರೋಮಿಯೋನ ಬಲಗೈ ಪರದೆಯ ಕಡೆಗೆ ಬರುತ್ತದೆ. ಆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಿ ಗೆಳೆಯನ ಕತ್ತಿ ತಡೆಯಬೇಕು, ಎಡಗೈ ಗೆಳೆಯನ ಎದೆಯ ಮೇಲೆ. ಟಿಬಾಲ್ಟ್ ಎತ್ತಿದ ತೋಳಿನ ಕೆಳಗೆ, ಪರದೆಯ ಬದಿಯಿಂದ ಕತ್ತಿ ತೂರಿಸುತ್ತಾನೆ. ಮೊನೆ ಮರ್ಕ್ಯುಶಿಯೋನ ಮೈಯಿಂದ ಕಡಿಮೆಯೆಂದರೆ ಒಂದು ಗೇಣು ದೂರ, ಪರದೆಯ ಕಡೆಗೆ ಮುಖ ಮಾಡಿರಬೇಕು. ರೋಮಿಯೋನ ಮೈಯೇ ಅದನ್ನು ಮುಚ್ಚುತ್ತದೆ. ಒಂದು ಎಣಿಕೆ ಎಲ್ಲರೂ ಸ್ತಬ್ಧ. ಆಮೇಲೆ ಟಿಬಾಲ್ಟ್ ಹಿಂದಕ್ಕೆ ಎಳೆಯುವಾಗ ಮರ್ಕ್ಯುಶಿಯೋ ಉಸಿರು ಬಿಡಬೇಕು. ಚುಚ್ಚುವಾಗ ಕಿರುಚಿದರೆ ಸಿನಿಮಾ ಆಗ್ತದೆ. ಬಯಲಾಟದ ರಂಗಸ್ಥಳದ ಹಾಗೆ ಮೂರು ಕಡೆ ಜನ ಕೂತಿದ್ದರೆ ಈ ಮರೆ ನಡೆಯುವುದಿಲ್ಲ. ಆಗ ಮರ್ಕ್ಯುಶಿಯೋನ ಸಡಿಲ ಮೇಲಂಗಿಯನ್ನೇ ಮರೆಯಾಗಿ ಬಳಸಬೇಕು.

ಅದಕ್ಕೆ ಮೊದಲಿನ ಕಾಳಗ 45 ಸೆಕೆಂಡಿನಿಂದ ಒಂದು ನಿಮಿಷ ಸಾಕು. ಒಂಬತ್ತೋ ಹತ್ತೋ ವರಸೆ ಮಾಡಿ, ಪ್ರತಿಯೊಂದಕ್ಕೂ ಅಂಕೆ ಕೊಡಿ. ಮೊದಲ ಆರು ಆಟದ ಹಾಗೆ ಇರಲಿ, ಮರ್ಕ್ಯುಶಿಯೋ ನಗುತ್ತಾ ಅವನ ನಾಜೂಕು ವರಸೆಯನ್ನು ಅಣಕಿಸಲಿ. ಏಳನೆಯದರಲ್ಲಿ ಟಿಬಾಲ್ಟ್ ಅವಮಾನದಿಂದ ಕೆರಳಲಿ. ರೋಮಿಯೋ ನುಗ್ಗುವುದು ಒಂಬತ್ತಕ್ಕೆ. ಕತ್ತಿ ಮರದ್ದೋ ಅಲ್ಯುಮಿನಿಯಂನದ್ದೋ ಇರಲಿ, ಮೊನೆ ಗುಂಡಗಿರಬೇಕು. ಮೊದಲ ವಾರ ಕಾಲು ವೇಗದಲ್ಲಿ ಮಾತ್ರ. ಪ್ರತಿ ಚುಚ್ಚಿಗೆ ಮೊದಲು ಇಬ್ಬರ ಕಣ್ಣು ಸೇರಬೇಕು; ಸೇರದಿದ್ದರೆ ಆ ವರಸೆ ಬಿಟ್ಟು ಮುಂದಿನದಕ್ಕೆ. ಪ್ರದರ್ಶನದ ದಿನ ಬಣ್ಣ ಹಚ್ಚುವ ಮೊದಲು ಅದೇ ರಂಗದ ಮೇಲೆ ನಿಧಾನವಾಗಿ ಒಂದು ಸಲ, ಪೂರ್ತಿ ವೇಗದಲ್ಲಿ ಒಂದು ಸಲ.

ರಕ್ತದ ಬಗ್ಗೆ ಒಂದು ಮಾತು. ‘ಗಾಯ ಅಷ್ಟೇನೂ ದೊಡ್ಡದಿರಲಿಕ್ಕಿಲ್ಲ’ ಅಂತ ರೋಮಿಯೋ ಹೇಳ್ತಾನೆ. ಅಂಗಿಯೆಲ್ಲ ಕೆಂಪು ಮಾಡಿಟ್ಟರೆ ಆ ಮಾತಿಗೆ ಸಭೆ ಗೊಳ್ಳೆಂದು ನಗುತ್ತದೆ. ಅಂಗೈಯಲ್ಲಿ ಅಡಗುವ ಚಿಕ್ಕ ಸ್ಪಂಜು ಸಾಕು: ಸಕ್ಕರೆ ಪಾಕ, ಕೆಂಪು ಫುಡ್ ಕಲರ್, ಬಣ್ಣ ಕಪ್ಪಾಗಲು ಚಿಟಿಕೆ ಕಾಫಿಪುಡಿ. ಕೈಯನ್ನು ಪಕ್ಕೆಗೆ ಒತ್ತಿಕೊಂಡೇ ತಮಾಷೆ ಮಾಡುತ್ತಿರಲಿ. ‘ನಾನು ನಿನ್ನ ತೋಳಿನ ಅಡಿಯಲ್ಲಿ ಪೆಟ್ಟು ತಿಂದೆ’ ಅನ್ನುವಾಗ ಕೈ ತೆಗೆದು ರೋಮಿಯೋಗೆ ತೋರಿಸಲಿ. ಪಾಕ ನೆಲಕ್ಕೆ ಬೀಳಬಾರದು. ಎರಡು ನಿಮಿಷದಲ್ಲಿ ಅದೇ ನೆಲದ ಮೇಲೆ ರೋಮಿಯೋ-ಟಿಬಾಲ್ಟ್ ಕಾಳಗ ಉಂಟು, ಜಾರಿ ಬಿದ್ದರೆ ಗಾಯ ನಿಜದ್ದೇ.

ಕಡಲತಡಿ

ನಮ್ಮವರು ಅವನನ್ನು ರೋಮಿಯೋನ ತೊಡೆಯ ಮೇಲೆ ಸಾಯಿಸ್ತಾ ಇದ್ದಾರೆ, ಲೈಟು ಕೆಂಪಾಗಿಸಿ.

ಕತ್ತಿವರಸೆ

ಬೇಡ. ಅವನು ಬೆನ್ವೋಲಿಯೋನ ಹೆಗಲು ಹಿಡಿದು ಒಳಗೆ ಹೋಗಿ ಸಾಯಬೇಕು. ಸಾಯುವಾಗ ರೋಮಿಯೋನನ್ನು ಅವನು ಕ್ಷಮಿಸಿದ ಅನ್ನುವ ಸಮಾಧಾನವನ್ನು ನಾಟಕ ಎಲ್ಲೂ ಕೊಡುವುದಿಲ್ಲ. ತೊಡೆಯ ಮೇಲೆ ಮಲಗಿಸಿದ ಕೂಡಲೇ ನೀವು ಅದನ್ನು ಕೊಟ್ಟುಬಿಟ್ಟಿರಿ.

ಮೂಲಪಾಠ

ಸರಿಯಾಗಿ ಹೇಳಿದಿರಿ. ಒಂದೇ ಸೇರಿಸುವುದು: ರೋಮಿಯೋ ಗೆಳೆಯನನ್ನು ತಡೆಯುವುದು ನಾಟಕದಲ್ಲಿ ಎರಡು ಸಲ. ಮೊದಲನೆಯದು ನಿಮ್ಮ ನಿರ್ದೇಶಕರು ಕತ್ತರಿಸಹೊರಟ ಕನಸಿನ ರಾಣಿಯ ಭಾಷಣದಲ್ಲಿ. ನಲವತ್ತಕ್ಕೂ ಹೆಚ್ಚು ಸಾಲು. ಸುರುವಿನಲ್ಲಿ ಹುಡುಗಾಟ: ಬೀಜದ ಚಿಪ್ಪಿನ ರಥ, ವಕೀಲನಿಗೆ ಫೀಸಿನ ಕನಸು. ಸಿಪಾಯಿಯ ಕನಸಿಗೆ ಬರುವಷ್ಟರಲ್ಲಿ ಗಂಟಲು ಕುಯ್ಯುವುದು ಬಂತು. ಆಮೇಲೆ ಅವನಿಗೆ ತನ್ನ ಮಾತನ್ನು ನಿಲ್ಲಿಸಲು ಆಗುವುದಿಲ್ಲ. ‘ಸಾಕು, ಸಾಕು ಮರ್ಕ್ಯುಶಿಯೋ, ಸಾಕು’ ಅಂತ ರೋಮಿಯೋ ಹೇಳಿದ ಮೇಲೆಯೇ ನಿಲ್ಲುವುದು. ಅಲ್ಲಿ ಮಾತಿನಿಂದ ತಡೆದ, ನಿಂತ. ಮೂರನೆಯ ಅಂಕದಲ್ಲಿ ಮಾತಿಗೆ ನಿಲ್ಲಲಿಲ್ಲ, ಮೈಯಿಂದ ತಡೆದ, ಸತ್ತ. ಭಾಷಣವನ್ನು ಅರ್ಧಕ್ಕೆ ಇಳಿಸಿ, ಸಿಪಾಯಿಯನ್ನೂ ರೋಮಿಯೋನ ‘ಸಾಕು’ವನ್ನೂ ಮುಟ್ಟಬೇಡಿ. ನಟ ಎರಡೂ ಕಡೆ ಅದೇ ಎಡಗೈಯನ್ನು ಗೆಳೆಯನ ಎದೆಯ ಮೇಲೆ ಇಟ್ಟರೆ ಬೇರೆ ವ್ಯಾಖ್ಯಾನ ಬೇಡ.

ಅನುವಾದದ ಅಂಗಡಿ

ಏಕವಚನ-ಬಹುವಚನದ ಬಗ್ಗೆ ಯಾರೂ ಹೇಳಲಿಲ್ಲ. ಟಿಬಾಲ್ಟ್ ಎಲ್ಲರ ಎದುರು ‘ನೀನೊಬ್ಬ ನೀಚ’ ಅನ್ನುವಾಗ ರೋಮಿಯೋ ‘ನೀವು’ ಅಂತ ಉತ್ತರ ಕೊಡಲಿ. ಮೂಲದಲ್ಲಿ ಈ ವ್ಯತ್ಯಾಸ ಇಷ್ಟು ಚೂಪಾಗಿಲ್ಲ, ಕನ್ನಡಕ್ಕೆ ಅದು ಲಾಭ. ನೀಚ ಅಂದವನಿಗೆ ನೀವು! ಮರ್ಕ್ಯುಶಿಯೋನ ಮೈ ಉರಿಯಲು ಅಷ್ಟು ಸಾಕು.

ಇನ್ನೊಂದು ಆಸೆ ಉಂಟು. ಟಿಬಾಲ್ಟ್ ಜೂಲಿಯೆಟ್‌ಳ ತಾಯಿಯ ಒಡಹುಟ್ಟಿದವನ ಮಗ. ಅಂದರೆ ರೋಮಿಯೋಗೆ ಈಗ ‘ಭಾವ’. ರೋಮಿಯೋ ‘ಭಾ...’ ಅಂತ ಸುರು ಮಾಡಿ ನುಂಗಿಕೊಂಡರೆ ಹೇಗೆ?

ಮೂಲಪಾಠ

ಪಕ್ಕದಲ್ಲೇ ನಿಂತ ಮರ್ಕ್ಯುಶಿಯೋನ ಕಿವಿ ಅಷ್ಟು ಮಂದ ಅಲ್ಲ. ಅರ್ಧಾಕ್ಷರ ಕೇಳಿದರೂ ಅವನು ಹಿಡಿದುಬಿಡುತ್ತಾನೆ, ಶಬ್ದ ಹಿಡಿಯುವುದೇ ಅವನ ಕಸುಬು. ಆಮೇಲೆ ಕತ್ತಿ ಎಳೆಯುವುದಕ್ಕೆ ಕಾರಣ ಉಳಿಯುವುದಿಲ್ಲ. ಅದೂ ಅಲ್ಲದೆ, ಸೋದರಮಾವನ ಮಗ ಅಂತ ಬಿಡಿಸಿ ಹೇಳಿದರೆ ನಮ್ಮಲ್ಲಿ ಅವನು ಮದುವೆಯಾಗಬಹುದಾದ ಸಂಬಂಧದ ಹುಡುಗ. ಟಿಬಾಲ್ಟ್‌ಗೆ ಜೂಲಿಯೆಟ್ ಮೇಲೆ ಕಣ್ಣಿತ್ತು ಅಂತ ಸಭೆ ಅರ್ಥ ಮಾಡಿಕೊಳ್ಳುತ್ತದೆ, ನಾಟಕ ಬೇರೆಯೇ ದಾರಿಗೆ ಹೋಗುತ್ತದೆ. ‘ಅವಳ ಮನೆಯ ಹುಡುಗ’ ಅಂದರೆ ಸಾಕು.

ಅನುವಾದದ ಅಂಗಡಿ

ಸರಿ, ಭಾವನನ್ನು ವಾಪಸು ತಗೊಂಡೆ.

ಹಂಪನಕಟ್ಟೆ ಬಸ್ಸು

‘ಸೆಕೆ ಜೋರುಂಟು, ಮನೆಗೆ ಹೋಗುವ’ ಅಂತ ಬೆನ್ವೋಲಿಯೋ ಸುರುವಿನಲ್ಲೇ ಹೇಳ್ತಾನಲ್ಲ. ಮಂಗಳೂರಿನವರಿಗೆ ಈ ನಾಟಕದಲ್ಲಿ ತಕ್ಷಣ ಅರ್ಥ ಆಗುವ ಮಾತು ಅದೊಂದೇ.

ಚೌಕಿಮನೆ

ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ಒಂದು ತೊಡಕು ಉಂಟು. ದಾದಿಯ ಮತ್ತು ಜೂಲಿಯೆಟ್‌ಳ ತಾಯಿಯ ಮಾತಿನ ಪ್ರಕಾರ ಕಥೆ ನಡೆಯುವುದು ಜುಲೈ ಮಧ್ಯದಲ್ಲಿ. ಜೂಲಿಯೆಟ್‌ಗೆ 14 ತುಂಬುವುದು ಜುಲೈ 31ರ ರಾತ್ರಿ, ಅದಕ್ಕೆ ಇನ್ನು ಎರಡು ವಾರ ಚಿಲ್ಲರೆ ಅಂತ ತಾಯಿ ಅನ್ನುತ್ತಾಳೆ. ನಾಟಕದ ಊರಾದ ವೆರೋನಾದಲ್ಲಿ ಅದು ಉರಿಬೇಸಿಗೆ, ಇಲ್ಲಿ ಆಟಿಯ ಮಳೆ. ಕಥೆಯನ್ನು ಕರಾವಳಿಗೆ ತರುವುದಾದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ಮೊದಲಿನ ವಾರಕ್ಕೆ, ಮೇ ತಿಂಗಳಿಗೆ ತನ್ನಿ. ಮಳೆ ಬಂದಿಲ್ಲ, ಬೆವರು ಇಳೀತಾ ಉಂಟು, ಎಲ್ಲರ ತಲೆಯೂ ಬಿಸಿ. ವೆರೋನಾದಲ್ಲೇ ಇಡುವುದಾದರೆ ಜುಲೈ ಅನ್ನುವ ಹೆಸರನ್ನೇ ಎತ್ತಬೇಡಿ.

ಮೂಲಪಾಠ

ಆ ಸೆಕೆಯ ಮಾತಿನ ನಂತರ ಮರ್ಕ್ಯುಶಿಯೋ ಬೆನ್ವೋಲಿಯೋನನ್ನೇ ಜಗಳಗಂಟ ಅಂತ ಕೆಣಕುವುದನ್ನು ಬಿಡಬೇಡಿ. ಗಡ್ಡದಲ್ಲಿ ಒಂದು ಕೂದಲು ಹೆಚ್ಚಾದರೆ ಜಗಳ, ಬೀದಿಯಲ್ಲಿ ಕೆಮ್ಮಿ ಮಲಗಿದ್ದ ನಾಯಿಯನ್ನು ಎಬ್ಬಿಸಿದರೆ ಜಗಳ, ದರ್ಜಿ ಹಬ್ಬಕ್ಕೆ ಮೊದಲೇ ಹೊಸ ಅಂಗಿ ತೊಟ್ಟರೆ ಜಗಳ. ಎಲ್ಲವೂ ತನ್ನದೇ ವರ್ಣನೆ. ಮೂರು ಉದಾಹರಣೆ ಸಾಕು.

ಇನ್ನು ಅವನ ಸಾವು ತೀರ್ಪಿನಲ್ಲಿ ಮಾಡುವ ಕೆಲಸ. ಊರನ್ನು ಆಳುವ ರಾಜಕುಮಾರ ಮೊದಲ ದೃಶ್ಯದಲ್ಲೇ ಹೇಳಿದ್ದ, ಮತ್ತೆ ಬೀದಿಜಗಳ ಆದರೆ ಪ್ರಾಣದಂಡ ಅಂತ. ರೋಮಿಯೋಗೆ ಸಿಕ್ಕಿದ್ದು ಗಡೀಪಾರು. ಯಾಕೆ? ಕಾನೂನು ಹೇಗೂ ತೆಗೆಯಬೇಕಿದ್ದ ಟಿಬಾಲ್ಟ್‌ನ ಪ್ರಾಣವನ್ನು ಮಗ ತೆಗೆದ ಅಂತ ರೋಮಿಯೋನ ತಂದೆ ಮಾಂಟೆಗ್ಯು ವಾದಿಸುತ್ತಾನೆ. ಆಮೇಲೆ ರಾಜಕುಮಾರನ ಬಾಯಿಂದ ಬರುವುದು, ‘ಹರಿದದ್ದು ನನ್ನ ರಕ್ತ’. ಮರ್ಕ್ಯುಶಿಯೋ ಎರಡು ಮನೆಗೂ ಸೇರಿದವನಲ್ಲ, ರಾಜಕುಮಾರನ ಬಂಧು. ಇದನ್ನು ಮೊದಲೇ ಒಂದು ಸಾಲಿನಲ್ಲಿ ಪ್ರೇಕ್ಷಕರಿಗೆ ತಿಳಿಸದಿದ್ದರೆ ತೀರ್ಪು ಅರ್ಥವಾಗುವುದಿಲ್ಲ, ಶಾಪದ ‘ಎರಡೂ ಮನೆ’ಗೂ ತೂಕ ಬರುವುದಿಲ್ಲ.

ಬೆನ್ವೋಲಿಯೋನ ಸಾಕ್ಷಿಯನ್ನೂ ಗಮನಿಸಿ. ಮರ್ಕ್ಯುಶಿಯೋ ಕೆಣಕಿ ಕತ್ತಿ ಎಳೆದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅವನು ಅದನ್ನು ಹೇಳುವುದೇ ಇಲ್ಲ. ಟಿಬಾಲ್ಟ್ ಶಾಂತಿಯ ಮಾತಿಗೆ ಕಿವುಡನಾಗಿ ನುಗ್ಗಿದ ಅನ್ನುತ್ತಾನೆ. ಜೂಲಿಯೆಟ್‌ಳ ತಾಯಿ ಲೇಡಿ ಕ್ಯಾಪುಲೆಟ್ ‘ಇವನು ಮಾಂಟೆಗ್ಯು ಕಡೆಯವ, ಸುಳ್ಳು ಹೇಳ್ತಾನೆ’ ಅಂತ ಕೂಗುವುದರಲ್ಲಿ ಸತ್ಯಾಂಶ ಉಂಟು. ಶಾಂತ ಗೆಳೆಯ ಸಿಟ್ಟಿನ ಗೆಳೆಯನ ಹೆಸರು ಉಳಿಸಲು ಸಾಕ್ಷಿ ತಿದ್ದುತ್ತಾನೆ. ನಟನಿಗೆ ಇಲ್ಲಿ ಒಳ್ಳೆಯ ಕೆಲಸ ಸಿಗುತ್ತದೆ: ಹೇಳುವ ಮೊದಲು ಒಮ್ಮೆ ನೆಲ ನೋಡಲಿ.

ಕಡಲತಡಿ

ಎಲ್ಲ ಇಡಿ ಅಂತಲೇ ಹೇಳಿದಿರಿ! ಹಾಗಾದ್ರೆ 40 ನಿಮಿಷ ಎಲ್ಲಿಂದ ತೆಗೆಯುವುದು?

ಮೂಲಪಾಠ

ಮರ್ಕ್ಯುಶಿಯೋನಿಂದ ಏಳೆಂಟು ನಿಮಿಷ ಸಿಗುತ್ತದೆ. ಕನಸಿನ ರಾಣಿ ಅರ್ಧ. ಗೋಡೆಯ ಹೊರಗಿನ ಮಾತು ಹತ್ತು ಸಾಲು. ಎರಡನೆಯ ಅಂಕದಲ್ಲಿ ರೋಮಿಯೋ ಜತೆಗಿನ ಮಾತಿನ ಪಂದ್ಯದಲ್ಲಿ ಹೆಬ್ಬಾತು, ಬೂಟಿನ ಶ್ಲೇಷೆಗಳನ್ನು ಪೂರ್ತಿ ಬಿಡಿ. ಕೊನೆಗೆ ‘ಈಗ ನೀನು ಹಳೇ ರೋಮಿಯೋ ಆದೆ’ ಅನ್ನುವುದನ್ನು ಮಾತ್ರ ಉಳಿಸಿ, ಅವರ ಸ್ನೇಹದ ಸುಖ ಕಾಣುವುದು ಅಲ್ಲೊಂದೇ ಕಡೆ. ಉಳಿದದ್ದನ್ನು ನಾಲ್ಕು-ಐದನೆಯ ಅಂಕದಿಂದ ತೆಗೆಯಿರಿ. ಜೂಲಿಯೆಟ್ ಸತ್ತಳೆಂದು ಮನೆಯವರು ಸಾಲಾಗಿ ಅಳುವುದು, ಸಂಗೀತಗಾರರು, ಕೊನೆಯಲ್ಲಿ ಪಾದ್ರಿ ಲಾರೆನ್ಸ್ ನಾವು ನೋಡಿದ ಕಥೆಯನ್ನೇ ಮತ್ತೆ ಹೇಳುವುದು. ಅದು ಹತ್ತು ಸಾಲಿಗೆ ಇಳಿದರೂ ಯಾರೂ ಕೇಳುವುದಿಲ್ಲ. ಜಾನ್ ಪಾದ್ರಿಯ ದೃಶ್ಯ ಮೂವತ್ತು ಸಾಲಿನ ಆಸುಪಾಸು ಅಷ್ಟೇ, ಅದನ್ನು ಮುಟ್ಟಬೇಡಿ.

ಕಡಲತಡಿ

11 ಜನದಲ್ಲಿ ಜಾನ್ ಪಾದ್ರಿಗೆ ಯಾರೂ ಉಳಿದಿಲ್ಲ. ಫೋನಿನಲ್ಲಿ ಹೇಳಿಸುವ ಅಂತ ಒಂದು ಯೋಚನೆ ಉಂಟು.

ಕತ್ತಿವರಸೆ

ಮರ್ಕ್ಯುಶಿಯೋ ಮಾಡಿದವ ಅರ್ಧ ನಾಟಕ ಚೌಕಿಯಲ್ಲಿ, ಬಣ್ಣದ ಕೋಣೆಯಲ್ಲಿ, ಖಾಲಿ ಕೂತಿರುತ್ತಾನಲ್ಲ, ಅವನಿಗೇ ಕೊಡಿ. ಬಣ್ಣ ತೆಗೆದು ಜುಬ್ಬಾ ಹಾಕಲು ಬೇಕಾದಷ್ಟು ಸಮಯ ಉಂಟು. ಮುಖ ಮುಚ್ಚುವ ಟೊಪ್ಪಿ ಬೇಡ. ಜನ ಗುರುತು ಹಿಡಿಯಲಿ. ಮಾರಿಬೇನೆ ಅಂತ ಬಾಗಿಲು ಮುಚ್ಚಿದರು, ಪತ್ರ ಕೊಡಲಾಗಲಿಲ್ಲ ಅನ್ನುವ ಮಾತು ಅದೇ ಬಾಯಿಂದ ಬರಲಿ, ಆದರೆ ಈ ಸಲ ಮೆಲ್ಲಗೆ, ಒಂದು ಚೂರೂ ಸಿಟ್ಟಿಲ್ಲದೆ.

ಚೌಕಿಮನೆ

ಒಳಗೆ ಹೋಗುವ ಮೊದಲು ಅಂಗೈಯ ಕೆಂಪು ಪೂರ್ತಿ ತೊಳೆಯಲಿಕ್ಕೆ ಹೇಳಿ. ಫುಡ್ ಕಲರ್ ಸೋಪಿಗೆ ಬೇಗ ಬಿಡುವುದಿಲ್ಲ. ಸ್ಪಂಜು ಹಿಡಿಯುವ ಮೊದಲೇ ಕೈಗೆ ತೆಂಗಿನೆಣ್ಣೆ ತೆಳ್ಳಗೆ ಹಚ್ಚಿಕೊಂಡರೆ ಆಮೇಲೆ ತೊಳೆಯುವುದು ಸುಲಭ. ಕತ್ತಿ ಹಿಡಿಯುವ ಕೈಗೆ ಮಾತ್ರ ಎಣ್ಣೆ ತಾಗಬಾರದು.